ವೆಬ್‌ಸೈಟಿನ ಶಟರ್ ಏಳುವ ತನಕ

ಕಳೆದ ಭಾನುವಾರ ದಾಳಿಂಬ ಎಂಬ ಹಳ್ಳಿಯಲ್ಲಿ ನಮ್ಮ ಸೋದರತ್ತೆ ನನ್ನ ಕೈಯಲ್ಲಿದ್ದ ಮೊಬೈಲಿಗೆ ಎರಡು ಸಲ ಕೈ ಮುಗಿದರು. ಮೂರನೆಯ ಸಲ ಮುಗಿಯಲಿಲ್ಲ.

ಈ ವಾರದ ಅಂಕಣಕ್ಕೆ ಬೇರೇನೋ ಬರೆಯಬೇಕೆಂದಿದ್ದೆ. ಆಗುತ್ತಿಲ್ಲ. ಬರೆಯಲು ಕೂತರೆ ಆ ಮೂರನೆಯ ಸಲವೇ ಕಣ್ಣ ಮುಂದೆ ಬರುತ್ತದೆ. ಪಕ್ಕದಲ್ಲೇ ಫೋನ್ ಇಟ್ಟುಕೊಂಡಿದ್ದೇನೆ. ಅದು ಸದ್ದು ಮಾಡಿದಾಗಲೆಲ್ಲ ದಾಳಿಂಬದಿಂದ ಬಂತೇನೋ ಎಂದು ಪೆನ್ನು ಬಿಟ್ಟು ಎತ್ತಿಕೊಳ್ಳುತ್ತೇನೆ. ಬೆಳಗಿನಿಂದ ಎರಡು ಸಲ ಹಾಗಾಯಿತು. ಎರಡೂ ಸಲ ಯಾರೋ ಸೋಲಾರ್ ಹೀಟರ್ ಬೇಕೇ ಎಂದು ಕೇಳಿದರು. (ಬೇಡ ಎಂದು ಕಟ್ ಮಾಡಿ, ಫೋನನ್ನು ಮತ್ತೆ ಅಲ್ಲೇ ಇಟ್ಟುಕೊಂಡೆ.)

ಮೊದಲಿನಿಂದ ಹೇಳುತ್ತೇನೆ.

ನನ್ನ ಕಸುಬು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಗಡಿಭಾಗದ ಉಮರ್ಗಾದಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ಅಂಗಡಿ. ಮೊದಲೆಲ್ಲ ಕನ್ನಡ, ಮರಾಠಿ ಎರಡರಲ್ಲೂ ಲಗ್ನಪತ್ರಿಕೆ ಟೈಪ್ ಮಾಡಿ ಕೊಡುತ್ತಿದ್ದೆ. ಈಗ ಲಗ್ನಪತ್ರಿಕೆಯನ್ನು ಎಲ್ಲರೂ ಮೊಬೈಲಿನಲ್ಲೇ ಮಾಡಿಕೊಳ್ಳುತ್ತಾರೆ. ಹಾಗಾಗಿ ನಾನು ಉಮರ್ಗಾ, ನಿಲಂಗಾ, ಉದಗೀರದ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡಲು ಶುರು ಮಾಡಿದೆ. ದಾಲ್ ಮಿಲ್, ಬಟ್ಟೆ ಅಂಗಡಿ, ಮಂಗಲ ಕಾರ್ಯಾಲಯ, ಹೀಗೆ.

ಆರು ತಿಂಗಳ ಹಿಂದೆ ಮಲ್ಲಿನಾಥಪ್ಪ ಕಾಕಾ ಬಂದರು. ದನಕರುಗಳ ಔಷಧ ಮಾರುವ ಅಂಗಡಿ ಅವರದು. ವಯಸ್ಸು ಎಪ್ಪತ್ತರ ಹತ್ತಿರ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಸುತ್ತಲಿನ ಹಳ್ಳಿಗಳಲ್ಲಿ ಆಕಳು ಕೆಮ್ಮಿದರೂ ಎಮ್ಮೆ ಮೇವು ಬಿಟ್ಟರೂ ಜನ ಮೊದಲು ನೆನೆಯುವುದು ಇವರನ್ನು. ವೆಬ್‌ಸೈಟ್ ಹೇಗಿರಬೇಕು ಕಾಕಾ ಎಂದು ಕೇಳಿದೆ. ಅವರು ಬಣ್ಣ ಹೇಳಲಿಲ್ಲ, ಅಕ್ಷರದ ಸೈಜು ಹೇಳಲಿಲ್ಲ.

"ಅಂಗಡಿ ತೆಗದ ಕೂಡ್ಲೇ ಗಿರಾಕಿ ಒಳಗ ಬರಂಗಿಲ್ಲವ್ವಾ. ಮದ್ಲ ಬಾಗಲಿಗಿ ನೀರ ಹೊಡಿಬೇಕು. ತಕ್ಕಡಿಗಿ ಇಬತ್ತಿ ಹಚ್ಚಬೇಕು. ಆರತಿ ಆಗಬೇಕು. ಆಮ್ಯಾಲ ಬೋಣಿ. ವೆಬ್‌ಸೈಟ್ ಅಂದ್ರ ಅದೂ ನಂದೇ ಅಂಗಡಿ ಅಲ್ಲೇನು?"

"ಹೌದ್ರಿ ಕಾಕಾ."

"ಮತ್ತ ಅಲ್ಲಿ ಪೂಜಾ ಯಾರ್ ಮಾಡ್ತಾರ?"

ನಾನು ನಕ್ಕೆ. ಅವರು ನಗಲಿಲ್ಲ. ನಲವತ್ತು ವರ್ಷ ಒಂದು ದಿನವೂ ಪೂಜೆ ಇಲ್ಲದೆ ವ್ಯಾಪಾರ ಶುರು ಮಾಡಿದವರಲ್ಲ ಅವರು. ಈಗ ಇಪ್ಪತ್ನಾಲ್ಕು ತಾಸು ತೆರೆದಿರುವ ಇನ್ನೊಂದು ಅಂಗಡಿ ಹಾಕುತ್ತಿದ್ದಾರೆ. ಅಲ್ಲಿಗೆ ಯಾವ ಹೊತ್ತಿನಲ್ಲಿ ಯಾರು ಬರುತ್ತಾರೋ ಗೊತ್ತಿಲ್ಲ. ಬಂದವರೆಲ್ಲ ಪೂಜೆಯಾಗದ ಅಂಗಡಿಗೆ ಕಾಲಿಟ್ಟಂತಾಗಬಾರದು ಎಂಬುದು ಅವರ ಚಿಂತೆ. ನಿಜ ಹೇಳಬೇಕೆಂದರೆ ನನಗೆ ಅದು ಇಷ್ಟವಾಯಿತು. ಎಲ್ಲರೂ ಯಾರದೋ ವೆಬ್‌ಸೈಟ್ ತೋರಿಸಿ "ಇದೇ ಥರಾ ಮಾಡಿ ಕೊಡ್ರಿ" ಎನ್ನುವಾಗ, ಇವರೊಬ್ಬರು ತಮ್ಮ ಅಂಗಡಿಯದೇ ಮಾತು ಹೇಳಿದ್ದರು.

ಅವರು ತಮ್ಮ ಮೊಮ್ಮಗಳ ಕೈಯಿಂದ ಪೂಜೆಯ ಫೋಟೋಗಳನ್ನು ಕಳಿಸಿದರು. ನಾನು ಅನಿಮೇಷನ್ ಮಾಡಲು ಕೂತೆ.

ಮೊದಲು ನೀಲಿ ಶಟರ್ ಗರಗರ ಎಂದು ಮೇಲೇಳುತ್ತದೆ. ಹೊಸ್ತಿಲ ಮೇಲೆ ನೀರು ಚಿಮುಕುತ್ತದೆ. ಕಾಣದ ಬೆರಳುಗಳು ತಕ್ಕಡಿಯ ಮೇಲೆ ವಿಭೂತಿಯ ಮೂರು ಗೆರೆ ಎಳೆಯುತ್ತವೆ. ಆರತಿ ಮೂರು ಸುತ್ತು ತಿರುಗುತ್ತದೆ, ಗಂಟೆ ಬಾರಿಸುತ್ತದೆ. ಆಮೇಲೆ ಅಂಗಡಿಯ ಹೆಸರು. ಕೊನೆಗೆ ಫೋನ್ ನಂಬರು, ಒಂದೊಂದೇ ಅಂಕಿ ಜೋಳದ ಕಾಳಿನಂತೆ ಮೇಲಿಂದ ಉದುರುತ್ತ. ಕಾಕಾ ಕೇಳಿದ್ದು ಆರತಿಯನ್ನು ಮಾತ್ರ. ಅಂಕಿ ಉದುರಿಸಿದ್ದು ನನ್ನ ಸ್ವಂತ ಕಸರತ್ತು. (ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಎಲ್ಲ ತಪ್ಪನ್ನೂ ಆ ಹಿರಿಯರ ಮೇಲೆ ಹಾಕುವುದು ಬೇಡ.)

ಎಲ್ಲ ಸೇರಿ ಇಪ್ಪತ್ತೆರಡು ಸೆಕೆಂಡು. ಅದೂ ನನ್ನ ಅಂಗಡಿಯ ವೇಗದ ವೈಫೈಯಲ್ಲಿ.

ಒಂದು ಮಾತನ್ನು ಮಾತ್ರ ಕೇಳಿದ್ದೆ. "ಕಾಕಾ, ಅವಸರ ಇದ್ದವರಿಗಿ ಮೂಲ್ಯಾಗ ಒಂದು ಸ್ಕಿಪ್ ಬಟನ್ ಇಡ್ಲೇನು?"

"ಪೂಜಾ ಸ್ಕಿಪ್ ಮಾಡ್ತಾರೇನವ್ವಾ?"

ಅಲ್ಲಿಗೆ ಮಾತು ಮುಗಿಯಿತು. ನಾನೂ ಒತ್ತಾಯಿಸಲಿಲ್ಲ. ಮೂರು ದಿನ ಕೂತು ತಿರುಗಿಸಿದ ಆರತಿಯನ್ನು ಜನ ಒಂದು ಬಟನ್ ಒತ್ತಿ ದಾಟಿಬಿಡಲಿ ಎಂದು ಯಾರಿಗೆ ಅನಿಸುತ್ತದೆ? ನೋಡಿದವರೆಲ್ಲ ಭೇಷ್ ಎಂದರು. ಉದಗೀರದ ಬಟ್ಟೆ ವ್ಯಾಪಾರಿಯೊಬ್ಬರು ತಮ್ಮ ವೆಬ್‌ಸೈಟಿನಲ್ಲಿ ಇಳಕಲ್ ಸೀರೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳಬೇಕು ಎಂದರು. ನಿಲಂಗಾದ ಮಂಗಲ ಕಾರ್ಯಾಲಯದವರು ಹೂವು ಸುರಿಯಲಿ ಎಂದರು. ಸುರಿಸಿದೆ. ಇದೇ ಅಂಕಣದಲ್ಲಿ ಆರತಿಯ ಬಗ್ಗೆ ಜಂಬ ಕೊಚ್ಚಿಕೊಂಡಿದ್ದೆ ಕೂಡ. ನೆನಪಿದೆಯೇ? ನೆನಪಿಲ್ಲದಿದ್ದರೆ ಒಳ್ಳೆಯದೇ ಆಯಿತು.

ಈಗ ಭಾನುವಾರಕ್ಕೆ ಬರೋಣ.

ಬೆಳಿಗ್ಗೆ ನನ್ನ ಫೋನ್ ಕೈಜಾರಿ ಬಿದ್ದು ಗಾಜು ಪುಡಿಯಾಯಿತು. ಉಮರ್ಗಾದ ರಿಪೇರಿಯವನಿಗೆ ಕೊಟ್ಟು, ಶೇರ್ ಆಟೋ ಹತ್ತಿ ದಾಳಿಂಬಕ್ಕೆ ಹೋದೆ. ಒಂದು ದಿನ ಫೋನಿಲ್ಲದೆ ಇರುವುದು ಎಷ್ಟು ಹಾಯಾಗಿದೆ ಎಂದು ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತು ಭಾಷಣವನ್ನೂ ಮಾಡಿದೆ. ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆ ಕೂಗಿದ್ದು ಕೇಳಿಸಿತು.

ಅತ್ತೆಯದೊಂದು ದೇವಣಿ ತಳಿಯ ಆಕಳು, ಹೆಸರು ಚಂದ್ರಿ. ಮೊದಲ ಸಲ ಗಬ್ಬವಾಗಿದೆ, ಏಳು ತಿಂಗಳು. ಅತ್ತೆ ಬೆಳಿಗ್ಗೆ ತಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಅದೇ ಬೆರಳಿನಿಂದ ಅದರ ಹಣೆಗೂ ಹಚ್ಚುತ್ತಾರೆ. ಅವತ್ತು ಅದು ಯಾರೂ ನೋಡದಾಗ ಹಗ್ಗ ಕಿತ್ತುಕೊಂಡು ಸೋಯಾ ಹೊಲಕ್ಕೆ ನುಗ್ಗಿ, ಮಳೆಗೆ ನೆಂದ ಹಸಿ ಸೊಪ್ಪನ್ನು ಹೊಟ್ಟೆ ಬಿರಿಯುವಂತೆ ತಿಂದಿತ್ತು. ನಾವು ಓಡಿ ಹೋಗಿ ನೋಡಿದಾಗ ಎಡ ಮಗ್ಗುಲು ಬೆನ್ನಿಗಿಂತ ಮೇಲೆ ಉಬ್ಬಿತ್ತು. ತಟ್ಟಿದರೆ ಡಬ್ ಡಬ್ ಎನ್ನುತ್ತಿತ್ತು. ನಾಲಿಗೆ ಹೊರಗೆ, ಉಸಿರು ಗೊರಗೊರ.

"ಹೊಟ್ಟಿ ಉಬ್ಬ್ಯಾದ! ಡಾಕ್ಟರಗ ಫೋನ್ ಹಚ್ಚ್ರೋ!" ಎಂದರು ಅತ್ತೆ.

ದನದ ಡಾಕ್ಟರು ಮದುವೆಗೆಂದು ಜಳಕೋಟಕ್ಕೆ ಹೋಗಿದ್ದರು. ಫೋನಿನಲ್ಲಿ ವಾಲಗದ ಸದ್ದಿನ ನಡುವೆ ಮರಾಠಿಯಲ್ಲಿ ಕೂಗಿ ಹೇಳಿದರು. "ಘಾಬರೂ ನಕಾ ಮಾವಶಿ!" ಗಾಬರಿ ಬೇಡ, ಆಕಳನ್ನು ಮಲಗಲು ಬಿಡಬೇಡಿ, ಉಬ್ಬರದ ಔಷಧ ಉಮರ್ಗಾದ ಮಲ್ಲಿನಾಥಪ್ಪನವರಲ್ಲಿ ಇರುತ್ತದೆ, ಅವರು ಸಿಗದಿದ್ದರೆ ಲೋಹಾರಾಕ್ಕೆ ಹೋಗಿ, ಲೌಕರ, ಬೇಗ. ಅತ್ತೆ ಗಾಬರಿಯಲ್ಲಿ ಪೂರಾ ಕೇಳದೆ ತಾವೇ ಫೋನ್ ಕಟ್ ಮಾಡಿಬಿಟ್ಟರು. ಅಂಗಡಿಯ ನಂಬರು ಕೇಳಲೆಂದು ಮತ್ತೆ ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗೆ.

ಅತ್ತೆಯ ಮಗ ಬಸವರಾಜ ಆಗಲೇ ಬೈಕ್ ಚಾಲೂ ಮಾಡಿ ನಿಂತಿದ್ದ. ಆದರೆ ಹೋಗುವುದು ಎಲ್ಲಿಗೆ? ಉಮರ್ಗಾ ಹತ್ತಿರ. ಆದರೆ ಭಾನುವಾರ ಕಾಕಾನ ಅಂಗಡಿ ಬಂದ್, ಅವರು ಎಷ್ಟೋ ಭಾನುವಾರ ನಿಲಂಗಾದ ಮಗಳ ಮನೆಗೆ ಹೋಗಿಬಿಡುತ್ತಾರೆ. ಲೋಹಾರಾದ ಅಂಗಡಿ ತೆಗೆದಿರುತ್ತದೆ. ಆದರೆ ಅದು ಇನ್ನೊಂದು ದಿಕ್ಕು, ದೂರ. ಉಮರ್ಗಾಕ್ಕೆ ಹೋಗಿ ಕಾಕಾ ಸಿಗದೆ ಆಮೇಲೆ ಲೋಹಾರಾಕ್ಕೆ ಹೊರಟರೆ ಆಕಳು ಅಲ್ಲಿಯವರೆಗೆ ತಡೆಯುತ್ತದೆಯೇ?

"ಅಕ್ಕಾ, ಕಾಕಾಂದು ನಂಬರ್ ನಿನ್ನ ಬಲ್ಲಿ ಅದಲ್ಲಾ?" ಎಂದ ಬಸವರಾಜ.

ಇತ್ತು. ಉಮರ್ಗಾದಲ್ಲಿ, ರಿಪೇರಿಯವನ ಡ್ರಾಯರಿನಲ್ಲಿ. ನನಗೆ ಬಾಯಿಪಾಠ ಬರುವುದು ಒಂದೇ ನಂಬರು, ನಮ್ಮ ತವರುಮನೆಯ ಹಳೆಯ ಲ್ಯಾಂಡ್‌ಲೈನಿನದು. ಆ ಲೈನು ಹೋಗಿ ಎಷ್ಟೋ ಕಾಲವಾಯಿತು.

ಆದರೆ ನಾನು ಹೆದರಲಿಲ್ಲ. ಹೆಮ್ಮೆಯಿಂದಲೇ ಹೇಳಿದೆ. "ನಿಂದರೋ, ವೆಬ್‌ಸೈಟಿನ್ಯಾಗ ಅದ. ನಾನೇ ಮಾಡೀನಿ."

ಬಸವರಾಜನ ಹೆಂಡತಿ ಅಶ್ವಿನಿಯ ಫೋನ್ ಕೈಗೆ ತೆಗೆದುಕೊಂಡೆ. ಹಳೆಯ ಫೋನು, ತುಂಬ ಮಗನ ಫೋಟೋಗಳು. ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಹಿತ್ತಲಿನ ಬಣವೆಯ ಹತ್ತಿರ ಮಾತ್ರ. ಅಲ್ಲಿ ಹೋಗಿ ನಿಂತೆ. ಹತ್ತು ಹೆಜ್ಜೆ ಆಚೆಗೆ ಚಂದ್ರಿ ಕಾಲು ಝಾಡಿಸುತ್ತಿತ್ತು.

ಶಟರ್ ಏಳತೊಡಗಿತು. ಎಷ್ಟು ನಿಧಾನ! ಅರ್ಧ ಎದ್ದು ನಿಂತಿತು. ಮತ್ತೆ ಎದ್ದಿತು. ನೀರು ಚಿಮುಕಿತು. ವಿಭೂತಿಯ ಒಂದು ಗೆರೆ. ಎರಡನೆಯ ಗೆರೆ. ಗಂಟೆ ಬಾರಿಸಿತು. ಆಕಳ ಕೊರಳನ್ನು ತಬ್ಬಿ ನಿಂತಿದ್ದ ಅತ್ತೆ ಗಂಟೆಯ ಸದ್ದು ಕೇಳಿ ಇತ್ತ ತಿರುಗಿ, ಕೈ ಮುಗಿದರು.

ಆರತಿ ಎರಡನೆಯ ಸುತ್ತಿನಲ್ಲಿರುವಾಗ ಪರದೆ ಕಪ್ಪಾಯಿತು. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಅಶ್ವಿನಿಯ ಫೋನ್ ತಾನಾಗಿ ಲಾಕ್ ಆಗುತ್ತದೆ. ನನ್ನ ಪೂಜೆಯಲ್ಲೋ ಮುಟ್ಟುವಂಥದ್ದು ಏನೂ ಇಲ್ಲ, ಸುಮ್ಮನೆ ನೋಡುತ್ತ ನಿಲ್ಲಬೇಕು. ಲಾಕ್ ತೆಗೆದೆ. ಪೇಜು ಮೊದಲಿನಿಂದ ಶುರುವಾಯಿತು.

ಶಟರ್. ನೀರು. ವಿಭೂತಿ. ಈ ಸಲ ಬೆರಳಿನಿಂದ ಪರದೆಯನ್ನು ಮುಟ್ಟುತ್ತಲೇ ಇದ್ದೆ. ಗಂಟೆ. ಅತ್ತೆ ಮತ್ತೆ ಕೈ ಮುಗಿದರು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ. ಆರತಿ ಮುಗಿಯಿತು. ಹೆಸರು ಬಂತು. ಅಂಕಿಗಳು ಉದುರತೊಡಗಿದವು. ನಾನು ಕೂಗಿ ಹೇಳುತ್ತಿದ್ದೆ, ಅಶ್ವಿನಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದಳು. ಒಂದು, ಎರಡು, ಮೂರು... ಆರನೆಯ ಅಂಕಿ ಅರ್ಧಕ್ಕೆ ಬಂದು ಗಾಳಿಯಲ್ಲಿ ನಿಂತಿತು. ಫೋನ್ ಹ್ಯಾಂಗ್.

"ಅಕ್ಕಾ, ಯಾವ ಕಡಿ ಹೋಗ್ಲಿ? ಹೇಳು!"

"ಒಂದೇ ಮಿನಿಟ್ ಥಾಂಬ್ರೋ!"

ಹ್ಯಾಂಗ್ ಆದ ಪೇಜನ್ನು ಮುಚ್ಚಿದೆ. ಮೂರನೆಯ ಸಲ ತೆರೆದೆ. ಶಟರ್ ಅದೇ ಶಾಂತಿಯಿಂದ ಏಳತೊಡಗಿತು. ಜಗತ್ತಿನಲ್ಲಿ ಯಾರಿಗೂ ಯಾವ ಅವಸರವೂ ಇಲ್ಲವೆನ್ನುವ ಹಾಗೆ ಹೊಸ್ತಿಲಿಗೆ ನೀರು ಬಿತ್ತು. ನನ್ನ ಕೈಯಾರೆ ಮಾಡಿದ ವಸ್ತುವಿನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಗಂಟೆ ಬಾರಿಸಿತು. ಅತ್ತೆ ತಿರುಗಿ ನೋಡಿದರು, ನನ್ನ ಮುಖವನ್ನು. ಕೈ ಮುಗಿಯಲಿಲ್ಲ.

ಅದೇ ಹೊತ್ತಿಗೆ ಚಂದ್ರಿ ಮುಂಗಾಲು ಮಡಿಸಿ ಕುಸಿಯಿತು.

ಬಸವರಾಜ ಇನ್ನು ಕೇಳಲಿಲ್ಲ. ಬೈಕನ್ನು ಲೋಹಾರಾದ ಕಡೆಗೆ ತಿರುಗಿಸಿ ಹೋದ. ಪಕ್ಕದ ಹೊಲದ ಶಂಕ್ರಪ್ಪ ಮಾವ ಓಡಿ ಬಂದು, ಎಲ್ಲರೂ ಸೇರಿ ಆಕಳನ್ನು ಎಬ್ಬಿಸಿ, ಮುಂಗಾಲು ಎತ್ತರಕ್ಕೆ ಬರುವಂತೆ ದಿಬ್ಬಕ್ಕೆ ನಿಲ್ಲಿಸಿ, ಬಾಯಿಗೆ ಅಡ್ಡಲಾಗಿ ಬೇವಿನ ಕೋಲು ಕಟ್ಟಿದರು. ಅದನ್ನು ಅಗಿಯುತ್ತಿದ್ದರೆ ಸ್ವಲ್ಪ ಸ್ವಲ್ಪ ಗಾಳಿ ಹೊರಬರುತ್ತದಂತೆ. ನಾವು ಹೆಂಗಸರು ಎಡ ಮಗ್ಗುಲನ್ನು ತಿಕ್ಕುತ್ತಲೇ ಇದ್ದೆವು. ಎಷ್ಟು ಹೊತ್ತು ತಿಕ್ಕಿದೆವೋ ಗೊತ್ತಿಲ್ಲ. ಬೈಕಿನ ಸದ್ದು ಕೇಳಿದಾಗ ಅತ್ತೆ ನೆಲದ ಮೇಲೆಯೇ ಕೂತುಬಿಟ್ಟರು.

ಆಕಳು ಬದುಕಿದೆ. ಔಷಧ ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೆ ಉಬ್ಬರ ಇಳಿಯಿತು. ಆದರೆ ಸೋಮವಾರ ಡಾಕ್ಟರು ಬಂದು ಒಳಗೆ ಕೈಹಾಕಿ ನೋಡಿ, "ಕರು ಅಲುಗಾಡ್ತದ, ಖರೆ ಬಲ ಕಮ್ಮಿ ಅದ. ಎಂಟು ದಿವಸ ನೋಡ್ಬೇಕು" ಎಂದರು. ಆ ಎಂಟು ದಿವಸದಲ್ಲಿ ಇವತ್ತು ಐದನೆಯದು. ಅದಕ್ಕೇ ಫೋನ್ ಪಕ್ಕದಲ್ಲಿದೆ.

ಅವತ್ತು ರಾತ್ರಿ ಅತ್ತೆ ನನಗೇ ಮೊದಲು ರೊಟ್ಟಿ ಬಡಿಸಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರ ಡಾಕ್ಟರು ಹೋದ ಮೇಲೆ ಅಶ್ವಿನಿಯ ಫೋನ್ ಕೇಳಿ ಪಡೆದು, ಅದೇ ಬಣವೆಯ ಹತ್ತಿರ ನಿಂತು, ನಾನು ಮಾಡಿದ ವೆಬ್‌ಸೈಟುಗಳನ್ನೆಲ್ಲ ಒಂದೊಂದಾಗಿ ತೆರೆದೆ. ಇಷ್ಟು ವರ್ಷ ಯಾಕೆ ಹಾಗೆ ಮಾಡಲಿಲ್ಲ? ನನ್ನ ಅಂಗಡಿಯ ದೊಡ್ಡ ಪರದೆಯಲ್ಲಿ, ಫ್ಯಾನಿನ ಕೆಳಗೆ, ಚಹಾ ಕುಡಿಯುತ್ತ ನೋಡಿ ಚಂದ ಇದೆ ಎಂದುಕೊಳ್ಳುತ್ತಿದ್ದೆ. ವ್ಯಾಪಾರಿಗಳೂ ಅಲ್ಲೇ ಕೂತು ನೋಡುತ್ತಿದ್ದರು. ಕೈಯಲ್ಲಿ ಚಹಾ ಹಿಡಿದವನಿಗೆ ಯಾವುದು ತಾನೇ ತಡವೆನಿಸುತ್ತದೆ?

ಬಣವೆಯ ಹತ್ತಿರ ಬೇರೆಯೇ ಕಂಡಿತು. ಮಂಗಲ ಕಾರ್ಯಾಲಯದ ಹೂವುಗಳು ಸರಿಯಾಗಿ ತಾರೀಖುಗಳ ಮೇಲೆಯೇ ಸುರಿಯುತ್ತಿದ್ದವು, ಯಾವ ದಿನ ಖಾಲಿ ಇದೆ ಎಂದು ಓದಲಾಗಲಿಲ್ಲ. ಉದಗೀರದ ಅಂಗಡಿಯ ಸೀರೆ ಬಿಚ್ಚಿಕೊಳ್ಳುವಷ್ಟರಲ್ಲಿ ಬಿಸಿಲಿಗೆ ನನ್ನ ತಲೆ ಸುತ್ತಿತು. ದಾಲ್ ಮಿಲ್ಲಿನ ಪೇಜಿನಲ್ಲಿ ಅವರ ಅನುಭವದ ವರ್ಷಗಳನ್ನು ಸೊನ್ನೆಯಿಂದ ಎಣಿಸುತ್ತ ಏರುವಂತೆ ಮಾಡಿದ್ದೆ. ಅದು ನಡುವೆ ಸಿಕ್ಕಿಕೊಂಡು, ಮೂವತ್ತು ವರ್ಷದ ಗಿರಣಿ ನಾಲ್ಕು ವರ್ಷದ್ದಾಗಿ ನಿಂತಿತ್ತು. (ಮಾಲೀಕರು ಇದನ್ನು ಓದುತ್ತಿದ್ದರೆ: ಸರಿ ಮಾಡಿದ್ದೇನೆ, ಸಿಟ್ಟಾಗಬೇಡಿ.)

ಹಾಗೆಂದು ಎಲ್ಲವೂ ಕಲ್ಲಿನ ಹಾಗೆ ಬಿದ್ದಿರಬೇಕೇ? ಇಲ್ಲ. ಒಂದು ಬಟನ್ ಒತ್ತಿದರೆ ಅದು ಕೊಂಚ ಒಳಗೆ ಹೋಗಿ ಬಣ್ಣ ಬದಲಿಸುತ್ತದೆ. ನಿಮ್ಮ ಮಾತು ತಲುಪಿತು ಎಂದು ಹೇಳುವ ರೀತಿ ಅದು. ಇಲ್ಲದಿದ್ದರೆ ಜನ ಅದನ್ನೇ ಹತ್ತು ಸಲ ಒತ್ತುತ್ತಾರೆ. ಕಾಕಾನ ವೆಬ್‌ಸೈಟಿನಲ್ಲೇ ಒಳಗೆ ಇನ್ನೊಂದು ಚಿಕ್ಕ ಚಲಿಸುವ ಚಿತ್ರವಿದೆ. ದನಕ್ಕೆ ಔಷಧ ಕುಡಿಸುವಾಗ ತಲೆಯನ್ನು ಎಷ್ಟು ಎತ್ತಬೇಕು, ಬಾಟಲಿಯನ್ನು ಬಾಯಿಯ ಯಾವ ಮೂಲೆಯಲ್ಲಿ ಇಡಬೇಕು, ಕೆಮ್ಮಿದರೆ ಹೇಗೆ ತಕ್ಷಣ ಕೆಳಗಿಳಿಸಬೇಕು ಎಂದು ತೋರಿಸುತ್ತದೆ. ಒತ್ತಿದರೆ ಮಾತ್ರ ಆಡುತ್ತದೆ. ಕೈ ಹೇಗೆ ಆಡಬೇಕೆಂದು ಕಲಿಸಬೇಕಾದರೆ ಚಿತ್ರ ಆಡಲೇಬೇಕಲ್ಲ? ಭಾನುವಾರ ಔಷಧ ಕುಡಿಸುವಾಗ ಬಸವರಾಜ ಗಾಬರಿಯಲ್ಲಿ ಆಕಳ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದ. ಶಂಕ್ರಪ್ಪ ಮಾವ ಬೈದು ಇಳಿಸಿದರು. ಆ ಚಿತ್ರ ಅವನಿಗೆ ಸಿಗಬೇಕಿತ್ತು. ಆದರೆ ಅದು ಆರತಿಯ ಆಚೆ ಇತ್ತು.

ಮಂಗಳವಾರ ಬೆಳಿಗ್ಗೆ ಕಾಕಾನ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ನಿಮ್ಮ ಪೂಜೆಯನ್ನು ತೆಗೆದುಹಾಕುತ್ತೇನೆ ಎಂದು ಎಪ್ಪತ್ತು ವರ್ಷದ ಶಿವಭಕ್ತರಿಗೆ ಹೇಗೆ ಹೇಳುವುದು?

ನಾನು ಹೋದಾಗ ಅವರು ಆಗಷ್ಟೇ ಶಟರ್ ಎತ್ತಿದ್ದರು. ನೀರು ಹೊಡೆದರು, ತಕ್ಕಡಿಗೆ ವಿಭೂತಿ ಹಚ್ಚಿದರು. ಎಲ್ಲವೂ ನನ್ನ ಅನಿಮೇಷನ್ನಿನಲ್ಲಿದ್ದ ಹಾಗೆಯೇ. ನಾನು ಹೊರಗೇ ನಿಂತೆ. ಆಗ ಹೊಳೆಯಿತು, ಈ ಪೂಜೆಯನ್ನು ನಾನು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು. ಆರು ತಿಂಗಳ ಹಿಂದೆ ನೋಡಿದ್ದು ಬರೀ ಫೋಟೋಗಳನ್ನು.

ಆರತಿ ಎರಡನೆಯ ಸುತ್ತಿನಲ್ಲಿತ್ತು. ಒಂದು ಬೈಕ್ ಬಂದು ನಿಂತಿತು. ಹೆಗಲ ಮೇಲಿನ ಟವೆಲ್ ಜಾರಿ ಬಿದ್ದದ್ದರ ಪರಿವೆಯೂ ಇಲ್ಲದೆ ಒಬ್ಬ ಓಡಿ ಬಂದು ಹೊಸ್ತಿಲ ಹತ್ತಿರ ತಡೆದು ನಿಂತ. ಬಾಯಿ ತೆರೆಯಲಿಲ್ಲ. ಕಾಕಾ ಅವನ ಮುಖವನ್ನು ಒಮ್ಮೆ ನೋಡಿದರು. ನೋಡಿದವರೇ ಉರಿಯುವ ಆರತಿಯನ್ನು ತಕ್ಕಡಿಯ ತಟ್ಟೆಯ ಮೇಲಿಟ್ಟುಬಿಟ್ಟರು.

"ಕಾಯ ಝಾಲಂ? ಏನಾಗ್ಯಾದ, ಹೇಳು."

"ಎಮ್ಮಿ ರಾತ್ರಿ ಕರಾ ಹಾಕ್ಯಾದ್ರಿ, ಎದ್ದೇ ನಿಂದರವಲ್ದು..."

ಮಾತು ಮುಗಿಯುವ ಮೊದಲೇ ಕಾಕಾನ ಕೈ ಕಪಾಟಿನಲ್ಲಿತ್ತು. ಬಾಟಲಿ ಕೊಟ್ಟರು, ಡಾಕ್ಟರಿಗೆ ಫೋನ್ ಮಾಡಿ ಅವನ ಹಳ್ಳಿಯ ಹೆಸರು ಹೇಳಿದರು, ಅವನನ್ನು ಕಳಿಸಿದರು. ಆಮೇಲೆ ಆರತಿಯನ್ನು ಎತ್ತಿಕೊಂಡು, ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಸುತ್ತು ಪೂರ್ತಿ ಮಾಡಿದರು.

"ಕಾಕಾ, ಪೂಜಾ ನಡೂ ಬಿಟ್ರಲ್ಲಾ!" ಎಂದೆ.

"ಅಂವನ ಮಾರಿ ನೋಡಿಲ್ಲೇನು ನೀ?"

ನನಗೆ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಭಾನುವಾರದ್ದನ್ನೆಲ್ಲ ಹೇಳಿದೆ. ಬಣವೆ, ಮೂರು ಸಲ ಎದ್ದ ಶಟರ್, ಗಾಳಿಯಲ್ಲಿ ನಿಂತ ಅಂಕಿ, ಕುಸಿದ ಆಕಳು. ಹೇಳುತ್ತ ಅಳು ಬಂತು. ಕಾಕಾ ಗದ್ದಿಗೆಯ ಮೇಲೆ ಕೂತರು.

"ನಾ ಮನ್ಯಾಗೇ ಇದ್ನಲ್ಲವ್ವಾ," ಎಂದರು. "ಫೋನ್ ತೊಡಿ ಮ್ಯಾಲೇ ಇತ್ತು."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಏನೋ ತಿಳಿಯದೆ ಕೇಳುವವರ ಹಾಗೆ ಮೆಲ್ಲಗೆ ಕೇಳಿದರು:

"ಹಂಗಾದ್ರ ನಿನ್ನ ವೆಬ್‌ಸೈಟಿನ್ಯಾಗ, ಬಂದವರ ಮಾರಿ ಯಾರ್ ನೋಡ್ತಾರವ್ವಾ?"